ಅಮ್ಮನಿಗೆ 86. ವೆಂಟಿಲೇಟರ್‌ಗೆ ಒಪ್ಪಬೇಕೇ? ಸಂಜೆ ಆರರೊಳಗೆ ಹೇಳಬೇಕಂತೆ

ತುಂಗಾತೀರ | ಬುಧವಾರ, ಬೆಳಿಗ್ಗೆ 10:12

ಶಿವಮೊಗ್ಗದ ಆಸ್ಪತ್ರೆಯೊಂದರ ಐಸಿಯು ಮುಂದಿನ ಕಬ್ಬಿಣದ ಕುರ್ಚಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಎರಡು ರಾತ್ರಿ ನಿದ್ದೆಯಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಮ್ಮನಿಗೆ 86. ಐವತ್ತು ವರ್ಷ ಸೌದೆ ಒಲೆಯ ಹೊಗೆ ಕುಡಿದ ಶ್ವಾಸಕೋಶ. ಸಿಒಪಿಡಿ (ವಾಸಿಯಾಗದ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಎಂದು ಹತ್ತು ವರ್ಷದ ಹಿಂದೆಯೇ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಹೋದ ವರ್ಷ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಆದರೆ ಅಮ್ಮ ಮತ್ತೆ ನಡೆಯಲಿಲ್ಲ. ಮರೆವು ಮೊದಲೇ ಇತ್ತು, ಆಮೇಲೆ ಹೆಚ್ಚಾಯಿತು. ಕೆಲವು ದಿನ ನನ್ನನ್ನು ಮಗಳು ಎನ್ನುತ್ತಾಳೆ, ಕೆಲವು ದಿನ ತೀರಿಹೋದ ಚಿಕ್ಕಮ್ಮನ ಹೆಸರಿಡಿದು ಕರೆಯುತ್ತಾಳೆ.

ಭಾನುವಾರ ಗಂಜಿ ಕುಡಿಸುವಾಗ ನೆತ್ತಿಗೆ ಹತ್ತಿತು. ಸೋಮವಾರ ಜ್ವರ, ಏದುಸಿರು. ನ್ಯುಮೋನಿಯಾ ಎಂದರು. ಈಗ ಮುಖಕ್ಕೆ ಬೈಪ್ಯಾಪ್ ಮಾಸ್ಕ್ (ಯಂತ್ರದಿಂದ ಗಾಳಿ ಒತ್ತಿ ಉಸಿರಾಡಿಸುವುದು) ಬಿಗಿದಿದ್ದಾರೆ. ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರುತ್ತಿದೆಯಂತೆ. ಸಂಜೆಯೊಳಗೆ ಇಳಿಯದಿದ್ದರೆ ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರ್ ಹಚ್ಚಬೇಕು, ಬೇಕೋ ಬೇಡವೋ ಮನೆಯವರು ಮಾತನಾಡಿಕೊಂಡು ಆರು ಗಂಟೆಗೆ ಹೇಳಿ ಎಂದು ಡಾಕ್ಟರು ಹೇಳಿ ಹೋದರು.

ಅಣ್ಣ ಸಿಯಾಟಲ್‌ನಲ್ಲಿದ್ದಾನೆ. "ಏನು ಬೇಕಾದರೂ ಮಾಡಿಸು, ದುಡ್ಡು ನಾನು ಕಳಿಸುತ್ತೇನೆ" ಎನ್ನುತ್ತಾನೆ. ತಂಗಿ ಹುಬ್ಬಳ್ಳಿಯಿಂದ ಬಂದಿದ್ದಾಳೆ. "ಸಾಕು ಅಕ್ಕ, ಮನೆಗೆ ಕರೆದುಕೊಂಡು ಹೋಗೋಣ" ಎಂದು ಅಳುತ್ತಾಳೆ. ಏಳು ವರ್ಷದಿಂದ ನೋಡಿಕೊಂಡವಳು ನಾನು, ಹಾಳೆಯ ಮೇಲೆ ಸಹಿಯೂ ನನ್ನದೇ. ಇಂಥದ್ದನ್ನು ದಾಟಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಹೇಗೆ ತೀರ್ಮಾನ ಮಾಡಿದಿರಿ?

ಹಾಸನದ ಆಲೂಗಡ್ಡೆ | 10:20

ಮೊದಲು ಕೆಳಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ ಅಕ್ಕ. ಆರು ಗಂಟೆಗೆ ಇನ್ನೂ ಹೊತ್ತಿದೆ.

ಗರಗಸ | 10:31

ಯೋಚನೆ ಏನು? ಹಾಕಿಸಿ. ನಮ್ಮ ತಂದೆಗೆ 81 ಆಗಿದ್ದಾಗ ಇಲಿಜ್ವರ ಬಂದು ಕಿಡ್ನಿ, ಶ್ವಾಸಕೋಶ ಎರಡೂ ಕೈಕೊಟ್ಟವು. ನೆಂಟರೆಲ್ಲ "ವಯಸ್ಸಾಯಿತು, ಬಿಟ್ಟುಬಿಡು" ಎಂದರು. ಒಬ್ಬ ದೊಡ್ಡಪ್ಪನಂತೂ ಪುರೋಹಿತರಿಗೆ ಫೋನ್ ಮಾಡಿಯೇ ಬಿಟ್ಟಿದ್ದರು. ಒಂಬತ್ತು ದಿನ ವೆಂಟಿಲೇಟರ್, ನಾಲ್ಕು ಸಲ ಡಯಾಲಿಸಿಸ್. ಈಗ 84. ಬೆಳಿಗ್ಗೆ ಪೇಪರ್ ಓದಿ ನನಗೆ ರಾಜಕೀಯ ಹೇಳಿಕೊಡುತ್ತಾರೆ. ಆ ದೊಡ್ಡಪ್ಪ ಹೋಗಿ ಎರಡು ವರ್ಷವಾಯಿತು. ವಯಸ್ಸು ನೋಡಿ ಮನುಷ್ಯರನ್ನು ಕೈಬಿಡುವುದು ನನಗೆ ಆಗದು.

ಜಾಜಿ | 10:44

@ಗರಗಸ, ನಿಮ್ಮ ತಂದೆ ಉಳಿದಿದ್ದು ಸಂತೋಷ. ನಮ್ಮದು ಕೇಳಿ. ಅತ್ತೆಗೆ 83, ಎರಡನೆಯ ಸಲ ಪಾರ್ಶ್ವವಾಯು. 23 ದಿನ ಐಸಿಯು. ಟ್ಯೂಬ್ ಕಿತ್ತುಕೊಳ್ಳುತ್ತಾರೆಂದು ಎರಡೂ ಕೈಗಳನ್ನು ಮಂಚದ ಸರಳಿಗೆ ಬಟ್ಟೆಯಲ್ಲಿ ಕಟ್ಟಿದ್ದರು. ಹನ್ನೆರಡನೆಯ ದಿನ ಕತ್ತಿಗೆ ರಂಧ್ರ ಮಾಡಿ ಅಲ್ಲಿಂದ ಉಸಿರು. ಆಮೇಲೆ ಬೆನ್ನು ಹುಣ್ಣು. ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ ನೋಡಲು ಬಿಡುತ್ತಿದ್ದರು. ಕೊನೆಗೆ ಅವರು ಹೋದಾಗ ನಾವು ಬಿಲ್ಲಿಂಗ್ ಕೌಂಟರ್‌ನಲ್ಲಿ ಸಾಲಿನಲ್ಲಿ ನಿಂತಿದ್ದೆವು. 11 ಲಕ್ಷ ಆಯಿತು, ಸೈಟು ಮಾರಿದೆವು. ದುಡ್ಡು ಹೋಗಿದ್ದಕ್ಕೆ ನನಗೆ ಬೇಸರವಿಲ್ಲ, ಆ ಕಟ್ಟಿದ ಕೈಗಳು ಈಗಲೂ ಕಣ್ಣ ಮುಂದೆ ಬರುತ್ತವೆ.

ಗರಗಸ | 10:49

ಒಬ್ಬರ ಅನುಭವದಿಂದ ಎಲ್ಲರಿಗೂ ತೀರ್ಪು ಕೊಡಬೇಡಿ.

ಜಾಜಿ | 10:51

ನೀವು ಮಾಡಿದ್ದೂ ಅದನ್ನೇ ಅಲ್ಲವೇ?

ಅರಿವಳಿಕೆ | 11:15

ನಾನು ಅರಿವಳಿಕೆ ವೈದ್ಯ, ಐಸಿಯುನಲ್ಲೇ ಹೆಚ್ಚು ಕೆಲಸ. ರೋಗಿಯನ್ನು ನೋಡದೆ ಸಲಹೆ ಕೊಡುವುದು ತಪ್ಪು. ಹಾಗಾಗಿ ತುಂಗಾತೀರ ಅವರೇ, ನಿಮ್ಮ ಡಾಕ್ಟರನ್ನು ಏನು ಕೇಳಬೇಕು ಎಂಬುದನ್ನಷ್ಟೇ ಹೇಳುತ್ತೇನೆ.

ಗರಗಸ ಮತ್ತು ಜಾಜಿ ಇಬ್ಬರೂ ಹೇಳಿದ್ದು ನಿಜ. ವ್ಯತ್ಯಾಸ ವಯಸ್ಸಿನಲ್ಲಿಲ್ಲ, ಕಾಯಿಲೆಗೆ ಮುಂಚೆ ಅವರು ಹೇಗಿದ್ದರು ಎಂಬುದರಲ್ಲಿದೆ. ಗರಗಸ ಅವರೇ, ನಿಮ್ಮ ತಂದೆ ಇಲಿಜ್ವರಕ್ಕೆ ಮುಂಚೆ ತೋಟಕ್ಕೆ ಹೋಗುತ್ತಿದ್ದರು ಎಂದು ಊಹಿಸುತ್ತೇನೆ. ಇಲಿಜ್ವರ ವಾಸಿಯಾಗುವ ಕಾಯಿಲೆ. ವೆಂಟಿಲೇಟರ್ ಎಂದರೆ ಹಳ್ಳ ದಾಟಿಸುವ ಕಾಲುಸಂಕ, ಆಚೆ ದಡದಲ್ಲಿ ಕಾಲೂರಲು ನೆಲ ಇರಬೇಕು. ನಾವು ಲೆಕ್ಕ ಹಾಕುವುದಕ್ಕೆ ಕೆನಡಾದ ವೈದ್ಯರು ಮಾಡಿದ ಒಂದು ಅಳತೆಗೋಲಿದೆ, ಒಂದರಿಂದ ಒಂಬತ್ತರವರೆಗೆ. ಒಂದು ಎಂದರೆ ಗಟ್ಟಿಮುಟ್ಟು, ಏಳು ಎಂದರೆ ಸ್ನಾನ, ಊಟ, ಬಟ್ಟೆ ಎಲ್ಲಕ್ಕೂ ಇನ್ನೊಬ್ಬರು ಬೇಕು. ಕಾಯಿಲೆ ಬೀಳುವುದಕ್ಕೆ ಎರಡು ವಾರ ಮುಂಚೆ ಹೇಗಿದ್ದರು ಎಂಬುದನ್ನು ಹಿಡಿದು ಅಂಕ ಕೊಡಬೇಕು, ಇವತ್ತಿನ ಸ್ಥಿತಿ ನೋಡಿ ಅಲ್ಲ. ಅಂಕ ಮೇಲೇರಿದಷ್ಟೂ ಐಸಿಯುನಿಂದ ಮರಳುವ ಸಾಧ್ಯತೆ ಕಡಿಮೆಯಾಗುತ್ತದೆ.

ಇನ್ನೊಂದು. ಐಸಿಯು ಬೇಕೇ ಬೇಡವೇ ಎಂಬುದು ಒಂದೇ ಪ್ರಶ್ನೆ ಎಂದು ಮನೆಯವರು ತಿಳಿಯುತ್ತಾರೆ. ಅದು ನಾಲ್ಕೈದು ಪ್ರಶ್ನೆ. ಆಂಟಿಬಯೋಟಿಕ್ ಬೇಕೇ? ಬೈಪ್ಯಾಪ್ ಬೇಕೇ? ಟ್ಯೂಬ್ ಬೇಕೇ? ಡಯಾಲಿಸಿಸ್? ಹೃದಯ ನಿಂತರೆ ಎದೆ ಒತ್ತಬೇಕೇ? ಮೊದಲ ಎರಡಕ್ಕೆ ಹೌದು, ಉಳಿದವಕ್ಕೆ ಬೇಡ ಎನ್ನಬಹುದು. ಸಿಪಿಆರ್ ಬಗ್ಗೆ ಹೇಳಬೇಕೆಂದರೆ, ಈ ವಯಸ್ಸಿನ ಮೂಳೆಗೆ ಎದೆ ಒತ್ತಿದರೆ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಅದನ್ನು ಮಾಡಬೇಡಿ ಎಂದು ಮೊದಲೇ ಬರೆದಿಡುವ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿಯೇ ಮಾರ್ಗಸೂಚಿ ಕೊಟ್ಟಿದೆ.

"ನಿಮ್ಮ ತಾಯಿಯಾಗಿದ್ದರೆ ಏನು ಮಾಡುತ್ತಿದ್ದಿರಿ" ಎಂದು ಮಾತ್ರ ಕೇಳಬೇಡಿ. ನಾವು ಜಾರಿಕೊಳ್ಳುತ್ತೇವೆ. ಹೀಗೆ ಕೇಳಿ: "ಎಲ್ಲ ಸರಿಯಾಗಿ ನಡೆದರೆ ಒಂದು ತಿಂಗಳ ನಂತರ ಅಮ್ಮ ಎಲ್ಲಿರುತ್ತಾರೆ? ಕುಳಿತುಕೊಳ್ಳುತ್ತಾರೆಯೇ? ಬಾಯಿಂದ ತಿನ್ನುತ್ತಾರೆಯೇ?" ಇದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಗರಗಸ | 11:22

ತೋಟಕ್ಕೆ ಹೋಗುತ್ತಿದ್ದರು, ಹೌದು. ಅಡಿಕೆ ತಾವೇ ಹೆಕ್ಕುತ್ತಿದ್ದರು.

ತುಂಗಾತೀರ | 11:40

ಡಾಕ್ಟರೇ, ತುಂಬಾ ಉಪಕಾರವಾಯಿತು. ಎರಡು ವಾರ ಮುಂಚೆ ಎಂದರೆ... ಮಗ್ಗುಲು ಬದಲಿಸುವುದಕ್ಕೂ ನಾನೇ ಬೇಕಿತ್ತು. ಊಟ ಚಮಚದಲ್ಲಿ. ಡೈಪರ್. ಆದರೆ ರೇಡಿಯೋದಲ್ಲಿ ಹಳೆಯ ಹಾಡು ಬಂದರೆ ತುಟಿ ಆಡಿಸುತ್ತಿದ್ದಳು. ನಿಮ್ಮ ಅಳತೆಗೋಲಿನಲ್ಲಿ ಅದಕ್ಕೆ ಎಷ್ಟು ಅಂಕ?

ಅರಿವಳಿಕೆ | 11:47

ಅದಕ್ಕೆ ಅಂಕವಿಲ್ಲ ಅಮ್ಮಾ. ಉಳಿದದ್ದಕ್ಕೆ ಏಳು.

ನೈಟ್ ಡ್ಯೂಟಿ | ಮಧ್ಯಾಹ್ನ 12:05

ಹದಿನಾರು ವರ್ಷದಿಂದ ಐಸಿಯು ನರ್ಸ್. ಡಾಕ್ಟರು ದಿನಕ್ಕೆ ಎರಡು ಸಲ ಬಂದು ಹೋಗುತ್ತಾರೆ, ಉಳಿದ ಹೊತ್ತು ನಾವೇ.

ತೀರ್ಮಾನ ಏನೇ ಇರಲಿ, ಈಗಲೇ ಮಾಡಬಹುದಾದದ್ದು ಒಂದಿದೆ. ಒಳಗೆ ಸೇರಿಸುವಾಗ ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಎಲ್ಲ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ನಿಮ್ಮ ಕೈಗೆ ಕೊಟ್ಟಿರುತ್ತಾರೆ. ವಯಸ್ಸಾದವರಿಗೆ ಕಣ್ಣು ಕಾಣದೆ, ಕಿವಿ ಕೇಳದೆ, ಹಗಲು ರಾತ್ರಿ ಒಂದೇ ಬೆಳಕಿನಲ್ಲಿ ಮಲಗಿದರೆ ಎರಡನೆಯ ದಿನಕ್ಕೆ ಬುದ್ಧಿ ಕದಡುತ್ತದೆ. ಗೋಡೆಯ ಮೇಲೆ ಇರುವೆ ಹರಿಯುತ್ತಿದೆ ಎನ್ನುತ್ತಾರೆ, ಸತ್ತ ಗಂಡ ಬಾಗಿಲಲ್ಲಿ ನಿಂತಿದ್ದಾನೆ ಎನ್ನುತ್ತಾರೆ. ಹುಚ್ಚಲ್ಲ, ಡೆಲಿರಿಯಂ. ಕನ್ನಡಕ ಮತ್ತು ಕಿವಿಯ ಯಂತ್ರವನ್ನು ಒಳಗೆ ಕೊಟ್ಟು ಹಾಕಿಸಿ. ಕೈ ಕಟ್ಟಬೇಡಿ, ನಾವೊಬ್ಬರು ಪಕ್ಕದಲ್ಲಿ ಕೂರುತ್ತೇವೆ ಎಂದು ಕೇಳಿ ನೋಡಿ. ಕೆಲವು ಕಡೆ ಬಿಡುತ್ತಾರೆ.

ಮೆಜೆಸ್ಟಿಕ್ ಪ್ಲಾಟ್‌ಫಾರ್ಮ್ | 12:19

ಭಾಷೆಯನ್ನೂ ಸೇರಿಸಿ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಮ್ಮ ಅಜ್ಜಿ ರಾತ್ರಿಯಿಡೀ "ಒಂದಕ್ಕೆ, ಒಂದಕ್ಕೆ" ಎಂದು ಕೂಗಿದ್ದಾರೆ. ಅಲ್ಲಿದ್ದ ಸಿಸ್ಟರ್‌ಗೆ ಕನ್ನಡ ಬಾರದು. ಗಲಾಟೆ ಮಾಡುತ್ತಿದ್ದಾರೆಂದು ನಿದ್ದೆಯ ಇಂಜೆಕ್ಷನ್ ಕೊಟ್ಟರು. ಕೋಲಾರದ ಅಜ್ಜಿಗೆ ಕರ್ನಾಟಕದಲ್ಲೇ ಮೂತ್ರಕ್ಕೆ ಹೋಗಲು ದುಭಾಷಿ ಬೇಕು!

ಕಣ್ಣೂರು ಟು ಕನಕಪುರ | 12:33

ನಾನು ಕೇರಳದ ನರ್ಸ್. ಕನ್ನಡ ಕಲಿತು ಇಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಆದರೆ ಹೇಳಿದ್ದು ಸರಿ. ನಾನು ಬಂದ ಹೊಸದರಲ್ಲಿ "ಹೊಟ್ಟೆ ತೊಳಸುತ್ತಿದೆ" ಎಂದವರಿಗೆ ಹೊಟ್ಟೆ ತೊಳೆಯಬೇಕೇನೋ ಎಂದು ಗಾಬರಿಯಾಗಿದ್ದೆ. ಈಗ ಮನೆಯವರ ಹತ್ತಿರ ಒಂದು ಹಾಳೆ ಬರೆಸಿ ಮಂಚಕ್ಕೆ ಅಂಟಿಸುತ್ತೇನೆ: ಇವರನ್ನು ಮನೆಯಲ್ಲಿ ಏನೆಂದು ಕರೆಯುತ್ತಾರೆ, ನೀರಿಗೆ ಏನೆನ್ನುತ್ತಾರೆ, ನೋವಿಗೆ ಏನೆನ್ನುತ್ತಾರೆ, ಯಾವ ಮಗ್ಗುಲಿಗೆ ಮಲಗುತ್ತಾರೆ.

ಮೆಜೆಸ್ಟಿಕ್ ಪ್ಲಾಟ್‌ಫಾರ್ಮ್ | 12:36

ನಿಮ್ಮಂಥವರು ಆ ರಾತ್ರಿ ಡ್ಯೂಟಿಯಲ್ಲಿದ್ದರೆ ಚೆನ್ನಾಗಿತ್ತು. ಸಿಟ್ಟು ನಿಮ್ಮ ಮೇಲಲ್ಲ.

ಬಾವಿಕಟ್ಟೆ | 12:50

ಇದೆಲ್ಲ ವ್ಯಾಪಾರ. ಐಸಿಯು ಎಂದರೆ ಬಾಡಿಗೆ ಮೀಟರ್ ಓಡುವ ಆಟೋ. ಹೆಣವನ್ನೂ ವೆಂಟಿಲೇಟರ್‌ನಲ್ಲಿಟ್ಟು ಮೂರು ದಿನ ಬಿಲ್ಲು ಮಾಡುತ್ತಾರೆ.

ಅರಿವಳಿಕೆ | 12:58

ಹೆಣವನ್ನು ವೆಂಟಿಲೇಟರ್‌ನಲ್ಲಿಡಲಾಗದು ಸ್ವಾಮಿ. ಹೃದಯ ನಿಂತ ಮೇಲೆ ಮಾನಿಟರ್‌ನಲ್ಲಿ ಗೆರೆ ಮಲಗುತ್ತದೆ, ಮೈ ತಣ್ಣಗಾಗುತ್ತದೆ, ಕೆಲವು ಗಂಟೆಗಳಲ್ಲಿ ಸೆಟೆಯುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ನೀವು ಕೇಳಿದ್ದು ಮಿದುಳು ಸತ್ತು ಹೃದಯ ಮಾತ್ರ ಬಡಿಯುತ್ತಿರುವ ಸ್ಥಿತಿ ಇರಬಹುದು. ಅಗತ್ಯವಿಲ್ಲದ ಐಸಿಯು ದಾಖಲಾತಿ ನಡೆಯುವುದಿಲ್ಲ ಎಂದು ನಾನು ಆಣೆ ಮಾಡುವುದಿಲ್ಲ, ನಡೆಯುತ್ತದೆ. ಆದರೆ "ಇನ್ನು ಪ್ರಯೋಜನವಿಲ್ಲ" ಎಂದು ಬಾಯಿಬಿಟ್ಟು ಹೇಳಿದ ಡಾಕ್ಟರಿಗೆ ಏಟು ಬಿದ್ದದ್ದನ್ನೂ ನೋಡಿದ್ದೇನೆ. ವೈದ್ಯರ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯಿದೆಯೇ ಇದೆ ಎಂದರೆ ನೋಡಿ. ಹೆದರಿದ ಡಾಕ್ಟರು ಟ್ಯೂಬ್ ಹಾಕುವುದೇ ಕ್ಷೇಮ ಎಂದುಕೊಳ್ಳುತ್ತಾನೆ.

ಬಾವಿಕಟ್ಟೆ | 1:04

ಬಿಲ್ಲು ಕಟ್ಟುವ ತನಕ ದೇಹ ಕೊಡುವುದಿಲ್ಲವಲ್ಲ, ಅದಕ್ಕೂ ಹೆದರಿಕೆಯೇ ಕಾರಣವೇ?

ಕಾನೂನು ಕಟ್ಟೆ | 1:10

ಹಾಗೆ ತಡೆಹಿಡಿಯುವಂತಿಲ್ಲ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತಂದಾಗ ಅದನ್ನು ಸೇರಿಸಿದ್ದಾರೆ. ದೇಹ ಕೊಟ್ಟು, ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬೇಕು.

ಎಡಿಸನ್ ಎಂಕ | 1:25

ಇಲ್ಲಿ ಅಮೆರಿಕದಲ್ಲಿ ರಾತ್ರಿ ನಾಲ್ಕು ಗಂಟೆ, ನಿದ್ದೆ ಬರಲಿಲ್ಲ. ಎಲ್ಲರೂ ಮನಸ್ಸಿನಲ್ಲೇ ಆ ಸಿಯಾಟಲ್ ಅಣ್ಣನಿಗೆ ಬೈಯುತ್ತಿದ್ದೀರಿ ಎಂದು ಗೊತ್ತು. ನಾನು ಅಂಥ ಅಣ್ಣನೇ. ನಾಲ್ಕು ವರ್ಷದ ಹಿಂದೆ ನಾನೂ ಫೋನಿನಲ್ಲಿ "ಏನು ಬೇಕಾದರೂ ಮಾಡಿಸು" ಎಂದು ತಮ್ಮನಿಗೆ ಹೇಳಿದ್ದೆ. ಅಪ್ಪನ ಕಾಲು ಬತ್ತಿದ್ದನ್ನು ನಾನು ನೋಡಿರಲಿಲ್ಲ. ವಿಡಿಯೋ ಕರೆಯಲ್ಲಿ ಮುಖ ಮಾತ್ರ ಕಾಣುತ್ತದೆ, ಅದೂ ತಮ್ಮ ಬಾಚಿ ಪೌಡರ್ ಹಾಕಿ ತೋರಿಸುತ್ತಿದ್ದ ಮುಖ. ನನ್ನ ತಲೆಯಲ್ಲಿದ್ದದ್ದು ಬಸ್‌ಸ್ಟ್ಯಾಂಡಿಗೆ ಬಂದು ಸೂಟ್‌ಕೇಸ್ ಹೊತ್ತಿದ್ದ ಅಪ್ಪ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವಾಗ ಸುದ್ದಿ ಬಂತು.

ನಿಮ್ಮ ಅಣ್ಣನಿಗೆ ಬುದ್ಧಿ ಹೇಳಬೇಡಿ. ವಿಡಿಯೋ ಮಾಡಿ, ಹೊದಿಕೆ ಸರಿಸಿ, ಅಮ್ಮನ ಕಾಲು ತೋರಿಸಿ. ಡಾಕ್ಟರ ಜೊತೆ ಅವರೇ ನೇರ ಮಾತನಾಡಲಿ.

ಬಾವಿಕಟ್ಟೆ | 1:31

ಅಮೆರಿಕದಲ್ಲಿ ಇದನ್ನೆಲ್ಲ ಹೇಗೆ ಮಾಡುತ್ತಾರೆ?

ಎಡಿಸನ್ ಎಂಕ | 1:38

ಆಸ್ಪತ್ರೆಗೆ ಸೇರಿಸುವ ದಿನವೇ ಕೇಳಿಬಿಡುತ್ತಾರೆ, ಹೃದಯ ನಿಂತರೆ ಏನು ಮಾಡಬೇಕು ಎಂದು. ನನಗೆ ಹರ್ನಿಯಾ ಆಪರೇಷನ್‌ಗೆ ಹೋದಾಗಲೂ ಕೇಳಿದರು! ಮೊದಲು ಎದೆ ಧಸಕ್ಕೆಂದಿತು. ಆಮೇಲೆ ಅನಿಸಿತು, ಊಟಕ್ಕೆ ಸೊಪ್ಪಿನ ಸಾರೋ ಬೇಳೆ ಸಾರೋ ಎಂದು ಕೇಳಿದ ಹಾಗೆ ಕೇಳಿದ್ದೇ ಒಳ್ಳೆಯದಾಯಿತು ಎಂದು.

ಕಾನೂನು ಕಟ್ಟೆ | 1:52

ಕಾನೂನಿನ ಗೊಂದಲ ಇಲ್ಲಿಯೂ ಬರುವ ಮೊದಲು ಹೇಳಿಬಿಡುತ್ತೇನೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನೊಳಗೇ ಬರುತ್ತದೆ ಎಂದಿತು. 2023ರ ಜನವರಿ 24ರಂದು ವಿಧಾನವನ್ನು ಸುಲಭ ಮಾಡಿತು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಇದಕ್ಕಾಗಿ ವರ್ಷಗಟ್ಟಲೆ ಸರ್ಕಾರದ ಬಾಗಿಲು ತಟ್ಟಿದ್ದರು.

ಲಿವಿಂಗ್ ವಿಲ್ (ಮುಂದೆ ತನಗೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಟ್ಟ ಪತ್ರ) ಇಲ್ಲದವರ ವಿಷಯದಲ್ಲಿ, ಮನೆಯವರ ಒಪ್ಪಿಗೆಯ ಜೊತೆಗೆ ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ, ಅದರ ಮೇಲೆ ಇನ್ನೊಂದು ಮೂವರ ಮಂಡಳಿ ನೋಡಬೇಕು. ಎರಡನೆಯದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದವರು. ಆದಷ್ಟೂ 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ದೋಣಿಗಲ್ | 1:58

ಅಂದರೆ ದಯಾಮರಣ ಈಗ ಕಾನೂನುಬದ್ಧವೇ? ಮ್ಯಾಜಿಸ್ಟ್ರೇಟರ ಅಪ್ಪಣೆ ಸಿಗುವ ಹೊತ್ತಿಗೆ ರೋಗಿಯ ತಿಥಿಯೇ ಮುಗಿದಿರುತ್ತದೆ.

ಕಾನೂನು ಕಟ್ಟೆ | 2:06

ಎರಡೂ ತಪ್ಪು. ಅಪ್ಪಣೆ ಬೇಡ, ತಿಳಿಸಿದರೆ ಸಾಕು. ಇನ್ನು ಇಂಜೆಕ್ಷನ್ ಕೊಟ್ಟು ಸಾಯಿಸುವುದು ಇಂದಿಗೂ ಅಪರಾಧ. ಇಲ್ಲಿ ಮಾತು ನಡೆಯುತ್ತಿರುವುದು ಚೇತರಿಸಿಕೊಳ್ಳುವ ದಾರಿಯೇ ಇಲ್ಲದವರಿಗೆ ಯಂತ್ರ ಹಚ್ಚದಿರುವುದರ ಅಥವಾ ಹಚ್ಚಿದ್ದನ್ನು ತೆಗೆಯುವುದರ ಬಗ್ಗೆ. ಪತ್ರಿಕೆಗಳು ಎರಡಕ್ಕೂ ಒಂದೇ ಶಬ್ದ ಬಳಸಿ ತಲೆ ಕೆಡಿಸುತ್ತವೆ.

ಮತ್ತೊಂದು ಸಂಗತಿ ತುಂಗಾತೀರ ಅವರ ಉಪಯೋಗಕ್ಕೆ ಬರಬಹುದು. ಐಸಿಯು ದಾಖಲಾತಿ ಬಗ್ಗೆ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ 2024ರ ಜನವರಿಯಲ್ಲಿ ಸುದ್ದಿಯಾಯಿತು. ರೋಗಿ ಅಥವಾ ಮನೆಯವರು ಬೇಡವೆಂದರೆ ಐಸಿಯುಗೆ ಸೇರಿಸಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಬೇಡ ಎನ್ನುವುದರಿಂದ ನೀವು ಅಪರಾಧಿಗಳಾಗುವುದಿಲ್ಲ.

ನೈಟ್ ಡ್ಯೂಟಿ | 2:20

ಕಾನೂನು ಪುಸ್ತಕದಲ್ಲಿ ಚೆನ್ನಾಗಿದೆ ಸರ್. ವಾರ್ಡಿನಲ್ಲಿ ನಡೆಯುವುದು ಬೇರೆ. "ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ" ಎಂಬ ಹಾಳೆಗೆ ಸಹಿ ಹಾಕಿಸಿಕೊಂಡು, ಆಂಬುಲೆನ್ಸ್‌ನಲ್ಲಿ ಅಂಬು ಬ್ಯಾಗ್ (ಕೈಯಿಂದ ಉಸಿರು ಕೊಡುವ ಚೀಲ) ಒತ್ತುತ್ತಾ ಊರಿಗೆ ಕಳಿಸುತ್ತಾರೆ. ಹೊಸ್ತಿಲು ದಾಟಿಸಿ ಟ್ಯೂಬ್ ತೆಗೆಯುತ್ತಾರೆ. ನೋವಿಗೆ ಔಷಧವಿಲ್ಲ, ಏದುಸಿರಿಗೆ ಏನೂ ಇಲ್ಲ. ಸಲಹೆ ಕೊಟ್ಟವರೇ ಡಾಕ್ಟರು, ವಿರುದ್ಧ ಹೋದವರು ಮಾತ್ರ ಮನೆಯವರು!

ನಮ್ಮ ವೃತ್ತಿಯವರು ಮರೆಯದ ಹೆಸರು ಅರುಣಾ ಶಾನಭಾಗ್. ಹೊನ್ನಾವರದ ಹಳದೀಪುರದವರು. 1973ರ ಹಲ್ಲೆಯ ನಂತರ 42 ವರ್ಷ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಮಲಗಿದ್ದರು. 2011ರಲ್ಲಿ ಅವರ ದಯಾಮರಣದ ಅರ್ಜಿ ಸುಪ್ರೀಂ ಕೋರ್ಟ್ ಮುಂದೆ ಬಂದಾಗ ಅವರ ಸಾವನ್ನು ಒಪ್ಪದೆ ನಿಂತದ್ದು ಅಲ್ಲಿನ ನರ್ಸ್‌ಗಳು. ಅವರನ್ನು ತಿನ್ನಿಸಿ ತೊಳೆದು ನೋಡಿಕೊಂಡವರೂ ಅವರೇ. ಹಾಗಾಗಿ "ಬಿಟ್ಟುಬಿಡಿ" ಎಂಬ ಮಾತನ್ನು ದಿನಾ ಕೈಯಾರೆ ಆರೈಕೆ ಮಾಡದವರು ಸುಲಭವಾಗಿ ಹೇಳಿದರೆ ನನಗೆ ಕೋಪ ಬರುತ್ತದೆ. "ಹಾಕಿಸಿ" ಎಂದರೂ ಅಷ್ಟೇ.

ದೋಣಿಗಲ್ | 2:31

ಜೈನರಲ್ಲಿ ಉಪವಾಸದಿಂದ ದೇಹ ಬಿಡುವ ಸಲ್ಲೇಖನ ಇದೆಯಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ತುಂಬಾ ಅದರ ಶಾಸನಗಳೇ. ಸಾವಿರ ವರ್ಷದ ಹಿಂದೆ ನಮ್ಮವರಿಗೆ ಗೊತ್ತಿದ್ದದ್ದನ್ನು ಈಗ ಕೋರ್ಟು ಹೇಳಬೇಕೇ?

ಚಾವಡಿ | 2:40

ನಾನು ಜೈನ. ಅದನ್ನು ಇದಕ್ಕೆ ತಂದು ಗಂಟು ಹಾಕಬೇಡಿ. ಸಲ್ಲೇಖನ ಪ್ರಜ್ಞೆಯಿದ್ದಾಗ, ಗುರುಗಳ ಅಪ್ಪಣೆ ಪಡೆದು ತಾನಾಗಿ ತೆಗೆದುಕೊಳ್ಳುವ ವ್ರತ. ಮಕ್ಕಳು ಸಹಿ ಹಾಕುವ ವ್ಯವಹಾರವಲ್ಲ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆ ಎಂದಾಗಲೂ ಇದೇ ಗೊಂದಲವಾಯಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಹಾಸನದ ಆಲೂಗಡ್ಡೆ | 2:44

ಅಕ್ಕ ಆಸ್ಪತ್ರೆಯಲ್ಲಿ ಕುಳಿತಿದ್ದಾರೆ, ಸ್ವಲ್ಪ ವಿಷಯಕ್ಕೆ ಬನ್ನಿ.

ಮೇಷ್ಟ್ರು 78 | 3:05

ಮಕ್ಕಳೇ, ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಮುದುಕರ ಬಗ್ಗೆ ಎಲ್ಲರೂ ಮಾತನಾಡಿದಿರಿ, ಮುದುಕರು ಯಾರೂ ಮಾತನಾಡಲಿಲ್ಲ. ನಾನು ಆ ಕೊರತೆ ತುಂಬುತ್ತೇನೆ.

ಕಳೆದ ದೀಪಾವಳಿಗೆ ಮಕ್ಕಳೆಲ್ಲ ಬಂದಾಗ ಹೋಳಿಗೆ ತಿಂದು ಮುಗಿಸಿದ ಮೇಲೆ ಈ ಮಾತು ತೆಗೆದೆ. ಸೊಸೆ ಎದ್ದು ಒಳಗೆ ಹೋದಳು, "ಹಬ್ಬದ ದಿನ ಇದೇನು ಮಾವ" ಎಂದು. ಮಗ ಟಿವಿ ಸದ್ದು ಜಾಸ್ತಿ ಮಾಡಿದ. ಬಿಡಲಿಲ್ಲ. ಹಾಳೆಯಲ್ಲಿ ಬರೆದು ಓದಿದೆ: ಹಾವು ಕಚ್ಚಿದರೆ, ಡೆಂಗಿ ಬಂದರೆ, ಅಪಘಾತವಾದರೆ ಎಲ್ಲ ಯಂತ್ರಗಳನ್ನೂ ಹಚ್ಚಿ, ನನಗೆ ಇನ್ನೂ ಬದುಕುವ ಆಸೆಯಿದೆ. ಆದರೆ ನಿಮ್ಮ ಗುರುತು ಹಿಡಿಯಲಾಗದೆ, ಬಾಯಿಂದ ತಿನ್ನಲಾಗದೆ ಮಲಗಿದ ಮೇಲೆ ನ್ಯುಮೋನಿಯಾ ಬಂದರೆ ಅದನ್ನು ತಡೆಯಲು ಹೋಗಬೇಡಿ. ಮೂಗಿನ ನಳಿಕೆಯೂ ಬೇಡ. ಎದೆಯಂತೂ ಒತ್ತಲೇಬೇಡಿ, ಪಿಂಚಣಿ ಬರುವ ದಿನ ಹತ್ತಿರವಿದ್ದರೂ.

ಕೊನೆಯ ಸಾಲಿಗೆ ಸೊಸೆ ಒಳಗಿನಿಂದಲೇ ನಕ್ಕಳು. ಆಮೇಲೆ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ನೋಟರಿ ಹತ್ತಿರ ಹೋಗಿ ಮುಗಿಸಿದೆವು. ತುಂಗಾತೀರ, ನಿನ್ನ ತಾಯಿ ಮಾತು ನೆಟ್ಟಗಿದ್ದಾಗ ಇಂಥದ್ದೇನಾದರೂ ಅಂದಿದ್ದರೇ? ಬೇರೆ ಯಾರದೋ ಸಾವು ಕಂಡಾಗ? ಹೆಂಗಸರು ಇಂಥ ಮಾತನ್ನು ನೇರ ಹೇಳುವುದಿಲ್ಲ, ಪಕ್ಕದ ಮನೆಯವರ ನೆಪದಲ್ಲಿ ಹೇಳುತ್ತಾರೆ.

ತುಂಗಾತೀರ | 3:31

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ನೆನಪಾಯಿತು. ನಮ್ಮ ಸೋದರಮಾವ ಮಣಿಪಾಲದ ಕಡೆಯ ಆಸ್ಪತ್ರೆಯೊಂದರಲ್ಲಿ ತಿಂಗಳುಗಟ್ಟಲೆ ಯಂತ್ರದಲ್ಲಿದ್ದರು. ಅವರನ್ನು ನೋಡಿಕೊಂಡು ಬಂದ ದಿನ ಅಮ್ಮ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದು, "ಬದುಕಿದ್ದವನನ್ನು ನೋಡಿ ಬಂದು ಸ್ನಾನ ಮಾಡಬೇಕಾಯಿತು ನೋಡು" ಎಂದಿದ್ದಳು. ತಂಗಿಗೂ ನೆನಪಿದೆ. ಅಣ್ಣನಿಗೆ ಗೊತ್ತಿಲ್ಲ, ಅವನು ಆಗಲೇ ಅಲ್ಲಿದ್ದ.

ಭಟ್ಕಳದ ಮಗಳು | 3:44

ಓದಿ ಮೈ ಜುಂ ಎಂದಿತು. ನಮ್ಮ ಅಬ್ಬಾ ಹೋಗುವಾಗ ಐಸಿಯು ಬೇಡ ಎಂದು ನಾವು ಅಕ್ಕತಂಗಿಯರು ಹೇಳಿದೆವು. ಊರಿನವರು ಚಿಕಿತ್ಸೆ ಬಿಡುವುದು ಪಾಪ ಎಂದರು. ನಮ್ಮ ಮಸೀದಿಯ ಮೌಲಾನಾರನ್ನು ಕೇಳಿದಾಗ, ವಾಸಿಯಾಗುವ ಭರವಸೆ ಇಲ್ಲ ಎಂದು ವೈದ್ಯರೇ ಹೇಳಿದ ಮೇಲೆ ಯಂತ್ರ ಬೇಡವೆನ್ನಲು ಅಡ್ಡಿಯಿಲ್ಲ ಎಂದರು. ಮನೆಯಲ್ಲಿ ಝಮ್‌ಝಮ್ ನೀರನ್ನು ಹತ್ತಿಯಲ್ಲಿ ಅದ್ದಿ ತುಟಿಗೆ ಹಚ್ಚುತ್ತಿದ್ದೆವು. ಐಸಿಯು ಒಳಗೆ ಅದನ್ನು ಯಾರು ಹಚ್ಚುತ್ತಿದ್ದರು?

ಗರಗಸ | 3:52

ಇನ್ನೊಂದು ಕಡೆಯಿಂದಲೂ ಯೋಚಿಸಿ. ಟ್ಯೂಬ್ ಹಾಕಿ ಮೂರು ದಿನ ನೋಡಿ ಆಗದಿದ್ದರೆ ತೆಗೆಯಬಹುದಲ್ಲ? ಪ್ರಯತ್ನವನ್ನೇ ಮಾಡದಿದ್ದರೆ ಆಮೇಲೆ ಕೊರಗು ಉಳಿಯುತ್ತದೆ.

ಅರಿವಳಿಕೆ | 4:03

ಒಳ್ಳೆಯ ಮಾತು. ಇಷ್ಟು ದಿನ ನೋಡುತ್ತೇವೆ, ಇಂತಿಂಥದ್ದು ಸುಧಾರಿಸದಿದ್ದರೆ ನಿಲ್ಲಿಸುತ್ತೇವೆ ಎಂದು ಗಡುವು ಹಾಕಿಕೊಂಡು ಮಾಡುವ ಪದ್ಧತಿ ಇದೆ. ಮುಂಚೆ ಗಟ್ಟಿಯಾಗಿದ್ದವರಿಗೆ ನಾನೂ ಅದನ್ನೇ ಹೇಳುತ್ತೇನೆ. ತೊಂದರೆ ಏನೆಂದರೆ ನಮ್ಮಲ್ಲಿ ಹಾಕುವುದು ಐದು ನಿಮಿಷದ ಕೆಲಸ, ತೆಗೆಯುವುದಕ್ಕೆ ಎರಡು ಮಂಡಳಿ. ಎಷ್ಟೋ ಆಸ್ಪತ್ರೆಗಳಲ್ಲಿ ಆ ಮಂಡಳಿಯನ್ನು ಇನ್ನೂ ರಚಿಸಿಲ್ಲ. ಸಿಒಪಿಡಿ ಇದ್ದವರನ್ನು ವೆಂಟಿಲೇಟರ್‌ನಿಂದ ಬಿಡಿಸುವುದು ಮೊದಲೇ ಕಷ್ಟ. ಆದರೆ ಬೈಪ್ಯಾಪ್ ಅವರಿಗೇ ಚೆನ್ನಾಗಿ ಕೆಲಸ ಮಾಡುವ ಚಿಕಿತ್ಸೆ. ಆ ಗಡುವನ್ನು ಬೈಪ್ಯಾಪ್‌ಗೇ ಹಾಕಿಕೊಳ್ಳಬಹುದೇ ಎಂದು ನಿಮ್ಮ ಡಾಕ್ಟರನ್ನು ಕೇಳಿ.

ತುಂಗಾತೀರ | ಸಂಜೆ 6:48

ಅಣ್ಣನಿಗೆ ವಿಡಿಯೋ ಹಾಕಿ ಹೊದಿಕೆ ಸರಿಸಿದೆ. ಎರಡು ನಿಮಿಷ ಮಾತನಾಡಲಿಲ್ಲ. ಆಮೇಲೆ "ಇಷ್ಟು ದಿನ ನನಗೇಕೆ ಹೇಳಲಿಲ್ಲ" ಎಂದು ನನ್ನ ಮೇಲೆಯೇ ರೇಗಿದ. ರೇಗಲಿ. ಡಾಕ್ಟರಿಗೆ ಒಂದು ತಿಂಗಳ ಪ್ರಶ್ನೆ ಕೇಳಿದೆ. ಅವರು ಕುರ್ಚಿ ಎಳೆದುಕೊಂಡು ಕುಳಿತರು, ಮೂರು ದಿನದಲ್ಲಿ ಮೊದಲ ಸಲ. "ಚೆನ್ನಾಗಿ ಆದರೆ ಮೊದಲಿನಷ್ಟು ಆಗಬಹುದು, ಅದಕ್ಕಿಂತ ಮೇಲಾಗುವುದಿಲ್ಲ. ಟ್ಯೂಬ್ ಹಾಕಿದರೆ ತೆಗೆಯಲು ಆಗದಿರುವ ಸಂಭವವೇ ಹೆಚ್ಚು" ಎಂದರು.

ಟ್ಯೂಬ್ ಬೇಡ, ಎದೆ ಒತ್ತುವುದು ಬೇಡ. ಆಂಟಿಬಯೋಟಿಕ್, ಬೈಪ್ಯಾಪ್ ಎರಡು ದಿನ. ಆಗದಿದ್ದರೆ ಮಾಸ್ಕ್ ತೆಗೆದು ಉಸಿರಿನ ಕಷ್ಟಕ್ಕೆ ಔಷಧ ಮಾತ್ರ. ಡಾಕ್ಟರು ಕೇಸ್‌ಶೀಟ್‌ನಲ್ಲಿ ಬರೆದು ತಾವೂ ಸಹಿ ಹಾಕಿದರು. ಅಣ್ಣ ಫೋನ್ ಇಟ್ಟುಬಿಟ್ಟ. ಆಮೇಲೆ ಟಿಕೆಟ್ ತೆಗೆದ ಮೆಸೇಜ್ ಬಂತು.

ಕನ್ನಡಕ ಒಳಗೆ ಕೊಟ್ಟಿದ್ದೇನೆ.

ಗರಗಸ | 7:02

ನಾನಾಗಿದ್ದರೆ ಹಾಕಿಸುತ್ತಿದ್ದೆ. ಆದರೆ ಏಳು ವರ್ಷ ಮಗ್ಗುಲು ಬದಲಿಸಿದವರು ನೀವು. ಊಟ ಮಾಡಿ.

ತುಂಗಾತೀರ | ಶನಿವಾರ, ಬೆಳಿಗ್ಗೆ 9:15

ಕಾರ್ಬನ್ ಡೈ ಆಕ್ಸೈಡ್ ಇಳಿದಿದೆ. ಹಗಲಿನಲ್ಲಿ ಮಾಸ್ಕ್ ತೆಗೆದಿದ್ದಾರೆ. ವಾರ್ಡಿಗೆ ಹಾಕಿದರು. ಅಣ್ಣ ಬಂದಿದ್ದಾನೆ, ಅವನನ್ನು ನೋಡಿ "ಪೋಸ್ಟ್‌ಮ್ಯಾನ್ ಬಂದ, ಕೂರಿಸು" ಎಂದಳು. ಸೋಮವಾರ ಮನೆಗೆ ಕರೆದೊಯ್ಯಬಹುದಂತೆ. ಮನೆ ಸಾಗರದ ಕಡೆ ಹಳ್ಳಿಯಲ್ಲಿ, ಮಳೆ ಬಂದರೆ ಕರೆಂಟ್ ಇಲ್ಲ. ಆಕ್ಸಿಜನ್‌ಗೆ ಏನು ಮಾಡುವುದು?

ಬಾವಿಕಟ್ಟೆ | 9:28

ಐದು ಲೀಟರಿನ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಯಂತ್ರ) ಬಾಡಿಗೆಗೆ ಸಿಗುತ್ತದೆ. 300–400 ವಾಟ್ ಎಳೆಯುತ್ತದೆ, ಸಾಮಾನ್ಯ ಇನ್ವರ್ಟರ್‌ನಲ್ಲಿ ಹೆಚ್ಚು ಹೊತ್ತು ನಿಲ್ಲದು. ಜೊತೆಗೆ ಒಂದು ದೊಡ್ಡ ಸಿಲಿಂಡರ್ ಇಟ್ಟುಕೊಳ್ಳಿ. ಬೆರಳಿನ ಮೀಟರ್‌ನಲ್ಲಿ ಆಕ್ಸಿಜನ್ ಮಟ್ಟ 95ಕ್ಕಿಂತ ಇಳಿದರೆ ತಿರುಗಿಸಿ ಜಾಸ್ತಿ ಮಾಡಿ.

ಅರಿವಳಿಕೆ | 9:34

ಬೇಡ, ಬೇಡ! ಕೊನೆಯ ಸಾಲು ದಯವಿಟ್ಟು ಮರೆತುಬಿಡಿ. ಸಿಒಪಿಡಿ ಇದ್ದವರಿಗೆ 88ರಿಂದ 92 ಸಾಕು. 95 ಬರಲಿ ಎಂದು ಆಕ್ಸಿಜನ್ ಹೆಚ್ಚಿಸಿದರೆ ಮತ್ತೆ ಅದೇ ಕಾರ್ಬನ್ ಡೈ ಆಕ್ಸೈಡ್ ಏರಿ ಮಂಪರಾಗುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಎಷ್ಟು ಲೀಟರ್ ಎಂದು ಬರೆಸಿಕೊಳ್ಳಿ. ಏದುಸಿರು ಬಂದಾಗ ಸಣ್ಣ ಫ್ಯಾನ್ ಮುಖಕ್ಕೆ ಹಿಡಿಯಿರಿ, ಅದರಿಂದಲೇ ಎಷ್ಟೋ ಹಾಯೆನಿಸುತ್ತದೆ.

ಬಾವಿಕಟ್ಟೆ | 9:36

ತಪ್ಪಾಯಿತು. ಕೋವಿಡ್ ಕಾಲದ ಲೆಕ್ಕ ತಲೆಯಲ್ಲಿತ್ತು.

ಜಾಜಿ | 9:50

ಕೊನೆಗಾಲದ ರೋಗಿಗಳ ಆರೈಕೆ ಮಾಡುವ ಬೆಂಗಳೂರಿನ ಕರುಣಾಶ್ರಯಕ್ಕೆ ಫೋನ್ ಮಾಡಿ ನೋಡಿ. ಹಣ ತೆಗೆದುಕೊಳ್ಳುವುದಿಲ್ಲ.

ಕಣ್ಣೂರು ಟು ಕನಕಪುರ | 9:58

ಅದು ಮುಖ್ಯವಾಗಿ ಕ್ಯಾನ್ಸರ್ ರೋಗಿಗಳಿಗೆ. ಜಿಲ್ಲಾಸ್ಪತ್ರೆಯಲ್ಲಿ ಉಪಶಮನ ಆರೈಕೆಯವರು (ನೋವು, ಕಷ್ಟ ಕಡಿಮೆ ಮಾಡಿ ನೋಡಿಕೊಳ್ಳುವವರು) ಇದ್ದಾರೆಯೇ ಎಂದು ಕೇಳಿ. ನಮ್ಮ ಕಡೆ 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಶುರುವಾದದ್ದು ಈಗ ಪಂಚಾಯಿತಿಗಳವರೆಗೆ ಬಂದಿದೆ. ನರ್ಸ್ ಮನೆಗೇ ಬರುತ್ತಾರೆ. ಇಲ್ಲಿ ಇನ್ನೂ ಅಷ್ಟಿಲ್ಲ. ಗಾಳಿ ಹಾಸಿಗೆ ಮಾತ್ರ ತಪ್ಪದೆ ತೆಗೆದುಕೊಳ್ಳಿ, ಎರಡು ಗಂಟೆಗೊಮ್ಮೆ ಮಗ್ಗುಲು.

ಮೇಷ್ಟ್ರು 78 | 10:30

ಆ ಪೋಸ್ಟ್‌ಮ್ಯಾನ್‌ಗೆ ಹೇಳು, ಹಿಂತಿರುಗುವ ಟಿಕೆಟ್ ಸ್ವಲ್ಪ ಮುಂದಕ್ಕೆ ಹಾಕಿಸಲಿ ಎಂದು.

ತುಂಗಾತೀರ | ಏಳು ವಾರಗಳ ನಂತರ, ಭಾನುವಾರ

ಗಾಳಿ ಹಾಸಿಗೆ, ಅದರ ಪಂಪು, ಮಡಚುವ ಗಾಲಿಕುರ್ಚಿ, ತೆರೆಯದ ಡೈಪರ್ ಎರಡು ಕಟ್ಟು ನಮ್ಮಲ್ಲಿವೆ. ಎಲ್ಲ ತೊಳೆದು ಬಿಸಿಲಿಗೆ ಒಣಗಿಸಿದ್ದೇನೆ. ಸಾಗರ, ಶಿವಮೊಗ್ಗ ಸುತ್ತಮುತ್ತ ಯಾರಿಗಾದರೂ ಬೇಕಿದ್ದರೆ ಹೇಳಿ, ಹಣ ಬೇಡ. ಕಾನ್ಸಂಟ್ರೇಟರ್ ಬಾಡಿಗೆಯದು, ಹಿಂತಿರುಗಿಸಿದೆವು. ಹನ್ನೊಂದನೆಯ ದಿನ ಮುಗಿಯಿತು. ಅಣ್ಣ ನಾಳೆ ಹೊರಡುತ್ತಾನೆ.

ಕೊಪ್ಪದ ಕಾಫಿಗಿಡ | ಭಾನುವಾರ

ಹಾಸಿಗೆ ನಮ್ಮ ಅಜ್ಜನಿಗೆ ಬೇಕಿತ್ತು. ಮಂಗಳವಾರ ಜೀಪು ಆ ಕಡೆ ಬರುತ್ತದೆ. ಪಂಪಿಗೆ ಮೂರು ಪಿನ್ನಿನ ಪ್ಲಗ್ಗೋ, ಎರಡರದೋ?

ತುಂಗಾತೀರ | ಭಾನುವಾರ

ಎರಡರದು. ಸ್ವಲ್ಪ ಸಡಿಲವಿದೆ, ಅಮ್ಮನ ಹೇರ್‌ಪಿನ್ ಸಿಕ್ಕಿಸಿ ಒತ್ತಿ ನಿಲ್ಲಿಸುತ್ತಿದ್ದೆವು. ನೀವು ಹಾಗೆ ಮಾಡಬೇಡಿ, ಹೊಸ ಪ್ಲಗ್ ಹಾಕಿಸಿಕೊಳ್ಳಿ.